ಗುಬ್ಬಿಯಲ್ಲಿ ಒಂದು ಲೆಗ್ ಬೈ

ನಾಸಿರ್ ನನ್ನೊಡನೆ ಆಡಿದ ಮೊದಲ ಮಾತು, "ಒಂದು ವೈಡ್."

ನಾನು ಪುಟದತ್ತ ತಲೆ ಬಗ್ಗಿಸಿದೆ. ಗುರುತಿಲ್ಲದ ಗಂಡಸರು ಮಾತಾಡಿಸಿದರೆ ಕೈಲಿರುವ ಪುಸ್ತಕದಲ್ಲಿ ಮುಖ ಹುದುಗಿಸಿಕೊಳ್ಳುವುದು ನನಗೆ ಯಾರೂ ಕಲಿಸದೆ ಬಂದ ವಿದ್ಯೆ. ಅವರು ಸ್ವಲ್ಪ ಗಟ್ಟಿಯಾಗಿ, "ಮೇಡಂ, ವೈಡ್" ಎಂದರು. ನಾನು ಕುರ್ಚಿಯನ್ನು ಮೇಜಿನ ಆ ತುದಿಗೆ ಎಳೆದುಕೊಂಡೆ.

"ರೀ, ನಾನು ನಿಮ್ಮನ್ನ ಮಾತಾಡಿಸ್ತಿಲ್ಲ. ಸ್ಕೋರ್ ಹೇಳ್ತಿದೀನಿ. ನಾನು ಹೇಳ್ಬೇಕು, ನೀವು ಬರ್ಕೊಂಡು 'ಸರಿ' ಅನ್ಬೇಕು. ಎರಡೂ ಟೀಮಿನ ಸ್ಕೋರರ್‌ಗಳು ಒಂದೇ ಮೇಜಲ್ಲಿ ಕೂರೋದು ಅದಕ್ಕೇ ಅಲ್ವಾ?"

"ಸರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಹಾಂ, ಅಷ್ಟೇ. ಇನ್ನೂ ಇನ್ನೂರಾ ಹತ್ತು ಬಾಲ್ ಇದೆ. ಒಂದು ವೈಡಿಗೇ ಇಷ್ಟು ದೂರ ಹೋದ್ರೆ, ಸಿಕ್ಸರ್ ಹೊಡೆದಾಗ ಊರ ತುದೀಲಿರೋ ಬಟವಾಡಿಗೇ ಹೋಗ್ಬಿಡ್ತೀರಾ."

ನಗು ಬಂತು. ನುಂಗಿಕೊಂಡು ವೈಡ್ ಗುರುತು ಹಾಕಿದೆ. ಅದು ೨೦೦೫ರ ಜುಲೈ ಹತ್ತು, ಭಾನುವಾರ. ತುಮಕೂರಿನ ಕಾಲೇಜು ಮೈದಾನದಲ್ಲಿ ನಮ್ಮ ಹುಡುಗಿಯರಿಗೂ ಕುಣಿಗಲ್ ಹುಡುಗಿಯರಿಗೂ ಸೀಸನ್ನಿನ ಮೊದಲ ಮ್ಯಾಚು.

ನಾನು ಆ ಮೇಜಿಗೆ ಬಂದದ್ದೇ ಅಚಾನಕ್ಕಾಗಿ. ನನ್ನ ತಂಗಿ ಅಂಬ್ರೀನ್ ಎಡಗೈ ಬ್ಯಾಟು ಹಿಡಿಯುತ್ತಾಳೆ. ಅವಳನ್ನು ಒಬ್ಬಳನ್ನೇ ಕಳಿಸಬಾರದೆಂದು ಅಮ್ಮಿ ನನ್ನನ್ನು ಜೊತೆ ಮಾಡಿದ್ದಳು. ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಿದ್ದವಳು ನಾನು, ಕೈಯಲ್ಲಿ ಸದಾ ಡೈರಿ. ಕೋಚ್ ಜಯರಾಮಯ್ಯ ಮೇಷ್ಟ್ರು ಒಂದು ದಿನ ಅದರೊಳಕ್ಕೆ ಇಣುಕಿ, "ಏನಮ್ಮ ಅಸ್ಫಿಯಾ, ಅಕ್ಷರ ಅಚ್ಚು ಹಾಕಿದ ಹಾಗಿದೆ. ಬಾ, ಸ್ಕೋರ್ ಬರಿ. ಮಾತಾಡೋ ಕೆಲಸ ಇರಲ್ಲ" ಎಂದರು. ಕೊನೆಯ ಮಾತು ನಂಬಿ ಒಪ್ಪಿದ್ದೆ.

ಆ ಡೈರಿಯಲ್ಲಿ ಏನಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ೨೦೦೨ರ ಆಗಸ್ಟಿನಲ್ಲಿ ಪೇಪರಿನ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿ ಬಂದಿತ್ತು. ಮಿಥಾಲಿ ರಾಜ್ ಎಂಬ ಹುಡುಗಿ ಇಂಗ್ಲೆಂಡಿನ ಟಾಂಟನ್ನಿನಲ್ಲಿ ಇನ್ನೂರ ಹದಿನಾಲ್ಕು ರನ್ ಹೊಡೆದಿದ್ದಳು. ವಯಸ್ಸು ಹತ್ತೊಂಬತ್ತು. ನನಗೂ ಆಗ ಹತ್ತೊಂಬತ್ತು. ನಾನು ಉಪ್ಪಾರಹಳ್ಳಿಯ ಮನೆಯ ಮೆಟ್ಟಿಲ ಮೇಲೆ ಕೂತು, ಬಸ್ಸಿನಲ್ಲಿ ಟಿಕೆಟ್ ಕೇಳಲೂ ತಂಗಿಯನ್ನು ಮುಂದೆ ಮಾಡುವ ನಾನು, ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ. ಜಗತ್ತಿನಲ್ಲಿ ಅಲ್ಲಿಯವರೆಗೆ ಯಾವ ಹೆಣ್ಣೂ ಟೆಸ್ಟಿನಲ್ಲಿ ಅಷ್ಟು ಹೊಡೆದಿರಲಿಲ್ಲ. ಅದರ ಪಕ್ಕದಲ್ಲೇ ಯಾವುದೋ ಬನಿಯನ್ ಜಾಹೀರಾತು, ಅದು ಸುದ್ದಿಯ ನಾಲ್ಕರಷ್ಟು ದೊಡ್ಡದು. ನಾನು ಸುದ್ದಿಯನ್ನು ಕತ್ತರಿಸಿ ಅಂಟಿಸಿದೆ. ಅವತ್ತಿನಿಂದ ಹುಡುಕಿ ಹುಡುಕಿ ಅಂಟಿಸುತ್ತಲೇ ಇದ್ದೆ.

ಒಂದು ಓವರ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಫೀಲ್ಡರುಗಳು ಜಾಗ ಬದಲಿಸುತ್ತಾರಲ್ಲ, ಅಷ್ಟು ಹೊತ್ತೇ ಸ್ಕೋರರುಗಳಿಗೆ ಬಿಡುವು. ಆ ಬಿಡುವಿನಲ್ಲಿ ನಾಸಿರ್ ಒಂದೊಂದೇ ಮಾತು ಜಾರಿಸುತ್ತಿದ್ದರು.

"ಏಪ್ರಿಲಲ್ಲಿ ವರ್ಲ್ಡ್ ಕಪ್ ಫೈನಲ್ ನೋಡಿದ್ರಾ?"

"ಪೇಪರಲ್ಲಿ."

"ಸೆಮಿಫೈನಲಲ್ಲಿ ಮಿಥಾಲಿ ಎಷ್ಟು ಹೊಡೆದಿದ್ದು? ಎಂಬತ್ತೊಂಬತ್ತು?"

"ತೊಂಬತ್ತೊಂದು. ನಾಟ್ ಔಟ್" ಎಂದೆ, ತಲೆ ಎತ್ತದೆ.

ಅವರು ಮುಂದಿನ ಓವರ್ ಬರೆದು ಮುಗಿಸಿದರು. ಆಮೇಲೆ ಮೆಲ್ಲಗೆ, "ತಪ್ಪು ಸ್ಕೋರ್ ಹೇಳಿದ್ರೆ ನೀವು ಮಾತಾಡ್ತೀರಾ ಅಂತ ಗೊತ್ತಾಯ್ತು" ಎಂದರು.

ಹಾಗೆ ತಿಂಗಳಿಗೆರಡು ಭಾನುವಾರ. ಒಮ್ಮೆ ತುಮಕೂರು, ಒಮ್ಮೆ ಕುಣಿಗಲ್. ಅವರದು ಕುಣಿಗಲ್ಲಿನ ಸ್ಟಡ್ ಫಾರ್ಮಿನ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವ ಮನೆ. ತಂದೆಯ ಕೆಲಸವನ್ನೇ ಕಲಿತಿದ್ದರು. ಮೇಣ ಹಚ್ಚಿದ ದಾರ ಎಳೆದೆಳೆದು ಅವರ ಬಲಗೈ ತೋರುಬೆರಳಿನ ಮೇಲೆ ಸಣ್ಣ ಗೀರು ಬಿದ್ದಿತ್ತು, ಬಿಳಿಯ ಉಂಗುರದಂತೆ. ಪೆನ್ನು ಹಿಡಿದಾಗ ಅದು ನನ್ನ ಕಡೆಗೇ ಇರುತ್ತಿತ್ತು.

ಆಗ ಹುಡುಗಿಯರ ಅಳತೆಯ ಪ್ಯಾಡು, ಗ್ಲೌಸು ಎಲ್ಲಿ ಸಿಗುತ್ತಿತ್ತು? ಗಂಡು ಹುಡುಗರು ಆಡಿ ಬಿಟ್ಟದ್ದೇ ಇವರ ಪಾಲು. ಪ್ಯಾಡು ತೊಡೆಯವರೆಗೆ ಬರುತ್ತಿತ್ತು, ಓಡುವಾಗ ಬಾತುಕೋಳಿಯಂತೆ ಕಾಲು ಅಗಲಿಸಬೇಕು. ಆಗಸ್ಟ್ ಹದಿನಾಲ್ಕರಂದು ಕುಣಿಗಲ್ ತಂಡದ ಚಿಕ್ಕಗಂಗಮ್ಮನ ಪ್ಯಾಡಿನ ಪಟ್ಟಿ ಆಟದ ನಡುವೆ ಕಿತ್ತುಬಂತು. ಎಲ್ಲರೂ ಗಂಗಿ ಎಂದು ಕರೆಯುವ ಹುಡುಗಿ, ಕ್ಯಾನ್ವಾಸ್ ಶೂ ಹಾಕಿಕೊಂಡೇ ಗಾಳಿಯಂತೆ ಬೌಲಿಂಗ್ ಮಾಡುವವಳು. ಓಡಿ ಬಂದು ಮೇಜಿನ ಮುಂದೆ ಕಾಲು ಚಾಚಿದಳು. ನಾಸಿರ್ ಜೇಬಿನಿಂದ ದಬ್ಬಳ ತೆಗೆದು, ಅವಳ ಮುಂದೆ ಮಂಡಿಯೂರಿ, ನಾಲ್ಕೇ ಹೊಲಿಗೆಯಲ್ಲಿ ಪಟ್ಟಿ ಕೂರಿಸಿದರು. "ಹೋಗಮ್ಮ, ಇನ್ನು ಕುದುರೆ ಎಳೆದ್ರೂ ಕೀಳಲ್ಲ."

ಮನೆಗೆ ಬಂದು ಡೈರಿಯಲ್ಲಿ ಬರೆದೆ: 'ಇವತ್ತು ಒಬ್ಬ ಗಂಡಸು ಒಬ್ಬ ಹುಡುಗಿ ಓಡಲಿ ಅಂತ ಮಂಡಿಯೂರಿ ಕೂತದ್ದನ್ನು ನೋಡಿದೆ.' ಅದರ ಕೆಳಗೆ ಏನೋ ಬರೆಯಲು ಹೋಗಿ, ಬರೆಯದೆ, ಪುಟ ಮಡಿಸಿಟ್ಟೆ.

ಆಮೇಲೆ ನನಗೆ ಭಾನುವಾರಗಳ ನಡುವೆ ದಿನಗಳು ಜಾಸ್ತಿ ಇವೆ ಅನಿಸತೊಡಗಿತು.

ಅಂಬ್ರೀನಿಗೆ ಆ ವರ್ಷ ಒಂದೇ ಧ್ಯಾನ. ಬೆಂಗಳೂರಿನ ಕ್ಯಾಂಪು. ಅಲ್ಲಿಗೆ ಹೋದವರಿಂದ ರಾಜ್ಯ ತಂಡ, ರಾಜ್ಯ ತಂಡದಿಂದ ಇಂಡಿಯಾ. ನಮ್ಮ ಕಡೆಯ ಹೆಸರುಗಳನ್ನು ಆರಿಸುತ್ತಿದ್ದವರು ಅಲಮೇಲಮ್ಮ ಮೇಡಂ. ಎಪ್ಪತ್ತರ ದಶಕದಲ್ಲಿ ಸೀರೆಯುಟ್ಟು ಮೈದಾನಕ್ಕೆ ಬಂದು, ಪ್ಯಾಂಟು ತೊಟ್ಟು ಆಡಿ, ಮತ್ತೆ ಸೀರೆಯುಟ್ಟು ಮನೆಗೆ ಹೋಗುತ್ತಿದ್ದ ಹೆಂಗಸು. ಅವರ ನಿಯಮ ಸರಳ: ಬ್ಯಾಟ್ ಮಾಡುವವಳು ಸೀಸನ್ನಿನಲ್ಲಿ ಒಂದಾದರೂ ಐವತ್ತು ಹೊಡೆದಿರಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲ. ನವೆಂಬರ್ ಬಂದರೂ ಅಂಬ್ರೀನಿನ ಅತಿ ಹೆಚ್ಚು ಸ್ಕೋರು ನಲವತ್ತೊಂದು. ರಂಜಾನ್ ತಿಂಗಳಿಡೀ ಉಪವಾಸವಿದ್ದೇ ನೆಟ್ಸಿಗೆ ಹೋಗಿದ್ದಳು. ನೀರೂ ಮುಟ್ಟದ ಬಾಯಲ್ಲಿ, "ಆಪಾ, ಇನ್ನೊಂದು ಬಾಲ್ ಎಸಿ" ಎನ್ನುತ್ತಿದ್ದಳು. ಇಷ್ಟು ಹಂಬಲ ಒಂದು ಸಣ್ಣ ಮೈಯಲ್ಲಿ ಹೇಗೆ ಹಿಡಿಯುತ್ತದೆ ಎಂದು ನನಗೆ ಭಯವಾಗುತ್ತಿತ್ತು.

ನವೆಂಬರ್ ಇಪ್ಪತ್ತು. ಗುಬ್ಬಿಯ ಮೈದಾನ. ಎದುರಿಗೆ ಕುಣಿಗಲ್. ಅಲಮೇಲಮ್ಮ ಮೇಡಂ ಮಧ್ಯಾಹ್ನದ ಮೇಲೆ ಬಂದು ಎರಡೂ ಸ್ಕೋರ್ ಪುಸ್ತಕ ನೋಡಿ ಸಹಿ ಹಾಕುವವರಿದ್ದರು.

ಅವತ್ತು ಅಂಬ್ರೀನ್ ಆಡಿದ್ದನ್ನು ಹೇಗೆ ಹೇಳಲಿ? ಗಂಗಿಯ ಚೆಂಡು ಎದೆ ಮಟ್ಟಕ್ಕೆ ಎದ್ದು ಬರುತ್ತಿತ್ತು. ನನ್ನ ತಂಗಿ, ಹಾಲಿಗೆ ಸಕ್ಕರೆ ಕಮ್ಮಿಯಾದರೆ ಅಳುವ ನನ್ನ ತಂಗಿ, ಅದು ಏಳುವ ಮೊದಲೇ ಮುಂಗಾಲಿಟ್ಟು ಬಾಗಿ ಹುಲ್ಲಿನ ಮೇಲೆ ಜಾರಿಸಿಬಿಟ್ಟಳು. ಬ್ಯಾಟಿನ ಸದ್ದು ಆಮೇಲೆ ಬಂತು, ಚೆಂಡು ಆಗಲೇ ಗೆರೆ ದಾಟಿತ್ತು. ಸೈಕಲ್ ನಿಲ್ಲಿಸಿಕೊಂಡು ತಮಾಷೆ ನೋಡುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಯಾರೋ ಒಬ್ಬರು, "ಯಾರ್ಲಾ ಈ ಹುಡ್ಗಿ?" ಎಂದದ್ದು ಕೇಳಿಸಿತು. ನನ್ನ ತಂಗಿ ಎಂದು ಎದ್ದು ಕೂಗಬೇಕೆನಿಸಿತು. ಕೂಗಲಿಲ್ಲ. ನಾಲ್ಕು ಎಂದು ಬರೆದೆ.

"ನಾಲ್ಕು" ಎಂದರು ನಾಸಿರ್. "ಅಲ್ಲಾ, ಇದನ್ನ ಟಿವೀಲಿ ಯಾಕೆ ತೋರ್ಸಲ್ಲ ರೀ?"

ಇಪ್ಪತ್ತೊಂದನೆಯ ಓವರಿನಲ್ಲಿ ಅದು ನಡೆಯಿತು. ಬಿಸಿಲು ಮೇಜಿನ ಮೇಲೆ ಬಂದಿತ್ತು. ನನ್ನ ಪುಟಕ್ಕೆ ನೆರಳಾಗಲೆಂದು ನಾಸಿರ್, ಏನೂ ಹೇಳದೆ, ತಮ್ಮ ಎಡಗೈಯನ್ನು ಅಡ್ಡ ಹಿಡಿದರು. ಚೆಂಡಿನ ಕಡೆಗೇ ನೋಡುತ್ತಾ, ಕೈ ಮಾತ್ರ ನನ್ನ ಪುಟದ ಮೇಲೆ. ಐದು ಬೆರಳುಗಳ ನೆರಳು ಅಂಬ್ರೀನಿನ ಹೆಸರಿನ ಮೇಲೆ ಬಿದ್ದಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಎಲ್ಲೋ ಠಪ್ಪೆಂದಿತು. ಓಟದ ಸದ್ದು. ನಾಸಿರ್ ಬಲಗೈ ಎತ್ತಿದರು. ಅಂಪೈರ್ ಸನ್ನೆ ಮಾಡಿದಾಗ, ನೋಡಿದೆವು ಎಂದು ತಿಳಿಸಲು ಸ್ಕೋರರುಗಳು ಹಾಗೆ ಕೈ ಎತ್ತುವುದು ಪದ್ಧತಿ. ನಾನೂ ಎತ್ತಿದೆ. "ಒಂದು" ಎಂದದ್ದಷ್ಟೇ ನನ್ನ ಕಿವಿಗೆ ಬಿತ್ತು. "ಸರಿ" ಎಂದೆ. ಅಂಬ್ರೀನಿನ ಹೆಸರಿನ ಮುಂದೆ ಒಂದು ರನ್ ಬರೆದೆ.

ಹತ್ತು ಓವರ್ ಕಳೆದ ಮೇಲೆ ನಮ್ಮ ವಿಕೆಟ್ ಕೀಪರ್ ರಂಜನಿ ಬೋರ್ಡಿನ ಮೇಲೆ ಐವತ್ತು ಎಂದು ತಗಡಿನ ಅಂಕಿ ನೇತುಹಾಕಿ ಕಿರುಚಿದಳು. ಅಂಬ್ರೀನ್ ಬ್ಯಾಟು ಎತ್ತಿ ನನ್ನ ಕಡೆ ತೋರಿಸಿದಳು. ಜಯರಾಮಯ್ಯ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಓವರಿನಲ್ಲಿ ಅವಳು ಕ್ಯಾಚ್ ಕೊಟ್ಟು ಔಟಾದಳು, ಆದರೂ ಕುಣಿಯುತ್ತಲೇ ಬಂದಳು.

ಊಟದ ಹೊತ್ತಿಗೆ ಎಲ್ಲರೂ ಬೇವಿನ ಮರದ ಕೆಳಗೆ ಚಿತ್ರಾನ್ನ ಬಡಿಸಿಕೊಳ್ಳುತ್ತಿದ್ದರು. ನಾವಿಬ್ಬರೇ ಮೇಜಿನಲ್ಲಿ ಕೂತು ಪುಸ್ತಕ ತಾಳೆ ಹಾಕುತ್ತಿದ್ದೆವು.

"ಟೋಟಲ್ ನೂರಾ ನಲವತ್ತೆರಡು" ಎಂದರು.

"ಸರಿ."

"ಅಂಬ್ರೀನ್ ನಲವತ್ತೊಂಬತ್ತು."

ನಾನು ತಲೆ ಎತ್ತಿದೆ. "ಐವತ್ತು."

ಬಾಲಿನಿಂದ ಬಾಲಿಗೆ ಹಿಂದಕ್ಕೆ ಹೋದೆವು. ಇಪ್ಪತ್ತೊಂದನೆಯ ಓವರ್, ನಾಲ್ಕನೆಯ ಬಾಲ್. ಅವರ ಪುಸ್ತಕದಲ್ಲಿ ಅದು ಲೆಗ್ ಬೈ. ಚೆಂಡು ಬ್ಯಾಟಿಗಲ್ಲ, ಕಾಲಿಗೆ ತಗುಲಿತ್ತು. ರನ್ನು ತಂಡದ್ದು, ಅಂಬ್ರೀನಿನದಲ್ಲ. ಒಟ್ಟು ಮೊತ್ತ ಎರಡೂ ಪುಸ್ತಕದಲ್ಲಿ ಒಂದೇ ಬರುವುದರಿಂದ ಅಲ್ಲಿಯವರೆಗೆ ಯಾರಿಗೂ ಗೊತ್ತಾಗಿರಲಿಲ್ಲ.

"ಅಂಪೈರ್ ಮಂಡಿ ಎತ್ತಿ ತಟ್ಟಿದ್ರು" ಎಂದರು ನಾಸಿರ್ ನಿಧಾನವಾಗಿ. "ನೀವೂ ಕೈ ಎತ್ತಿದ್ರಿ."

ನನ್ನ ಕಿವಿ ಬಿಸಿಯಾಯಿತು. ಆ ಬಾಲಿನಲ್ಲಿ ನನ್ನ ಕಣ್ಣು ಎಲ್ಲಿತ್ತೆಂದು ನನಗೊಬ್ಬಳಿಗೇ ಗೊತ್ತು.

ಮರದ ಕೆಳಗಿನಿಂದ ಅಂಬ್ರೀನ್ ಕೂಗಿದಳು: "ಆಪಾ! ಬೆಂಗಳೂರಿಗೆ ಹೋಗೋಕೆ ದೊಡ್ಡ ಬ್ಯಾಗ್ ಬೇಕು ಕಣೇ! ನಿನ್ನದು ಕೊಡ್ತೀಯಾ?"

ನಾಸಿರ್ ಅವಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ. ಪೆನ್ನಿನ ಡಬ್ಬಿಯಿಂದ ಅರ್ಧ ಬ್ಲೇಡು ತೆಗೆದರು. ತಪ್ಪಿದ್ದನ್ನು ಕೆರೆದು ತಿದ್ದಲು ಇಟ್ಟುಕೊಳ್ಳುವುದು ಅದು. "ನನ್ನ ಪುಸ್ತಕ ತಿದ್ತೀನಿ. ನನ್ನದೇ ತಪ್ಪು ಅಂತ. ಯಾರೂ ಕೇಳಲ್ಲ."

"ನಿಮ್ಮದು ತಪ್ಪಲ್ಲ."

"ಗೊತ್ತು."

ಅಷ್ಟು ಮೆತ್ತಗೆ ಹೇಳಿದರು. ನನಗಾಗಿ ಒಬ್ಬರು ಸುಳ್ಳಿಗೆ ಕೈ ಹಾಕುತ್ತಿದ್ದಾರೆ. ಅದು ಎಷ್ಟು ಸಿಹಿಯಾಗಿತ್ತೆಂದರೆ ನನಗೆ ಹೆದರಿಕೆಯಾಯಿತು. ಬೇಡ ಎನ್ನಲು ಬಾಯಿ ಬರಲಿಲ್ಲ. ಮಾಡಿ ಎನ್ನಲೂ ಬರಲಿಲ್ಲ. "ಮ್ಯಾಚ್ ಮುಗೀಲಿ" ಎಂದೆ. ಬ್ಲೇಡು ಎರಡು ಪುಸ್ತಕಗಳ ನಡುವೆ ಬಿದ್ದಿತ್ತು.

ಕುಣಿಗಲ್ ಆಡಿತು. ಗಂಗಿ ಬ್ಯಾಟಿಂಗಿಗೆ ಬಂದಳು. ಅವಳಿಗೂ ಆ ಸೀಸನ್ನಿನಲ್ಲಿ ಐವತ್ತಾಗಿರಲಿಲ್ಲ, ಅವಳಿಗೂ ಆಲ್‌ರೌಂಡರಾಗಿ ಕ್ಯಾಂಪಿಗೆ ಹೋಗುವ ಆಸೆ. ನಾಸಿರ್ ಪಟ್ಟಿ ಹೊಲಿದುಕೊಟ್ಟ ಆ ಪ್ಯಾಡು ಕಟ್ಟಿಕೊಂಡು ಜಿಂಕೆಯಂತೆ ಓಡಿದಳು. ನಲವತ್ತು, ನಲವತ್ತೆರಡು, ನಲವತ್ತಾರು. ಇಲ್ಲದ ಎರಡನೇ ರನ್ನಿಗೆ ಓಡಿದಳು. ಬೌಂಡರಿಯಿಂದ ಚೆಂಡೆಸೆದವಳು ಅಂಬ್ರೀನ್. ಸ್ಟಂಪು ಹಾರಿತು.

ಗಂಗಿ ನೇರವಾಗಿ ನಮ್ಮ ಮೇಜಿಗೆ ಬಂದಳು. ಮುಖದ ತುಂಬ ಧೂಳು. ತನ್ನ ತಂಡದ ನಾಸಿರ್ ಅವರನ್ನು ಬಿಟ್ಟು ನನ್ನನ್ನು ಕೇಳಿದಳು.

"ಅಕ್ಕಾ, ಎಷ್ಟಾಯ್ತು?"

"ನಲವತ್ತಾರು."

"ಸರ್ಯಾಗ್ ಎಣ್ಸಿದೀರಾ?"

ಮತ್ತೊಮ್ಮೆ ಎಣಿಸಿದೆ. "ನಲವತ್ತಾರೇ ಗಂಗಿ."

"ನೀವು ಅಂದ್ರೆ ಸರಿ ಬುಡಿ" ಎಂದಳು. ಹೆಲ್ಮೆಟ್ಟು ಬಗಲಿಗಿಟ್ಟುಕೊಂಡು ಹೋದಳು. ತಿರುಗಿ ನೋಡಲಿಲ್ಲ.

ನಾನು ಪೆನ್ನು ಕೆಳಗಿಟ್ಟೆ. ಈ ಹುಡುಗಿಯರ ಆಟ ಟಿವಿಯಲ್ಲಿಲ್ಲ. ಪೇಪರಿನಲ್ಲಿ ಬಂದರೆ ಬನಿಯನ್ ಜಾಹೀರಾತಿನ ಮಗ್ಗುಲಲ್ಲಿ, ಅದೂ ಹೆಸರು ತಪ್ಪಾಗಿ. ಇವರು ಬಿಸಿಲಿನಲ್ಲಿ ಓಡಿದ ಪ್ರತಿಯೊಂದು ಓಟವೂ ಇಡೀ ಲೋಕದಲ್ಲಿ ಎರಡೇ ಕಡೆ ಇರುತ್ತದೆ. ನನ್ನ ಮುಂದಿನ ಪುಸ್ತಕದಲ್ಲಿ, ನಾಸಿರ್ ಮುಂದಿನ ಪುಸ್ತಕದಲ್ಲಿ. ಅಲ್ಲೂ ಸುಳ್ಳಾದರೆ ಇವರು ಆಡಿದ್ದು ಎಲ್ಲಿ ನಿಜವಾಗಿರುತ್ತದೆ?

ಮ್ಯಾಚು ನಾವು ಗೆದ್ದೆವು. ಅಲಮೇಲಮ್ಮ ಮೇಡಂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪುಸ್ತಕ ಕೇಳಿದರು. ಸುತ್ತ ಎರಡೂ ತಂಡ, ಮೇಷ್ಟ್ರು, ಅಂಪೈರ್ ಚನ್ನಬಸವಯ್ಯ. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ಸೈನ್ ಮಾಡ್ಬೇಡಿ."

ಯಾರು ಹೇಳಿದ್ದೆಂದು ಎಲ್ಲರೂ ಸುತ್ತ ನೋಡಿದರು. ನಾನೇ.

"ನನ್ನ ಪುಸ್ತಕ ತಪ್ಪಿದೆ. ಇಪ್ಪತ್ತೊಂದನೇ ಓವರ್, ನಾಲ್ಕನೇ ಬಾಲ್ ಲೆಗ್ ಬೈ. ನಾನು ರನ್ ಅಂತ ಬರೆದಿದೀನಿ. ಅಂಬ್ರೀನ್ ಐವತ್ತಲ್ಲ. ನಲವತ್ತೊಂಬತ್ತು."

ಅಂಬ್ರೀನಿನ ಮುಖದಿಂದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಅರ್ಥವಾಗದೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಅದನ್ನು ನೋಡುವುದೇ ಕಷ್ಟವಾಯಿತು.

"ಹೌದು, ಲೆಗ್ ಬೈ ಕೊಟ್ಟಿದ್ದೆ" ಎಂದರು ಚನ್ನಬಸವಯ್ಯ. "ಆದ್ರೆ ಇಬ್ರೂ ಕೈ ಎತ್ತಿದ್ರಲ್ಲಮ್ಮ ನೀವು!"

ಮೇಡಂ ನನ್ನನ್ನೇ ದಿಟ್ಟಿಸಿದರು. "ಸಿಗ್ನಲ್ ನೋಡದೆ ಕೈ ಹೇಗೆ ಎತ್ತಿದೆ?"

"ಇವರು ಎತ್ತಿದ್ರು. ಅದಕ್ಕೆ ನಾನೂ ಎತ್ತಿದೆ."

"ನೀನು ಅಂಪೈರ್ ಕಡೆ ನೋಡ್ಲಿಲ್ಲ."

"ಇಲ್ಲ."

"ಮತ್ತೆ ಎಲ್ಲಿ ನೋಡ್ತಿದ್ದೆ?"

ಸುಳ್ಳು ಹೇಳಬಹುದಿತ್ತು. ಪೆನ್ನು ಬಿತ್ತು ಎನ್ನಬಹುದಿತ್ತು, ಕಣ್ಣಿಗೆ ಧೂಳು ಎನ್ನಬಹುದಿತ್ತು. ಒಂದು ನಿಜ ಹೇಳಿದ ಬಾಯಿ ಅಲ್ಲಿಗೇ ನಿಲ್ಲಲಿಲ್ಲ.

"ಇವರನ್ನ" ಎಂದೆ. "ಇವರ ಕೈಯನ್ನ."

ರಂಜನಿ ಕೀಪಿಂಗ್ ಗ್ಲೌಸನ್ನು ಬಾಯಿಗೆ ಅಡ್ಡ ಹಿಡಿದಳು. ಚನ್ನಬಸವಯ್ಯ ಯಾಕೋ ಹ್ಯಾಟು ತೆಗೆದು ಮತ್ತೆ ಹಾಕಿಕೊಂಡರು.

ಮೇಡಂ ನಾಸಿರ್ ಕಡೆ ತಿರುಗಿದರು. "ನೀನೇನಪ್ಪಾ ನೋಡ್ತಿದ್ದೆ?"

"ಅಂಪೈರ್‌ನ, ಮೇಡಂ."

"ಪಾಪ" ಎಂದರು ಮೇಡಂ, ನನ್ನನ್ನು ನೋಡಿ.

"ಆ ಒಂದು ಬಾಲಲ್ಲಿ ಮಾತ್ರ, ಮೇಡಂ" ಎಂದರು ನಾಸಿರ್. ಮುಖ ಕೆಂಪಾಗಿತ್ತು. "ಬೇರೆ ಬಾಲ್‌ಗಳಿಗೆ ಗ್ಯಾರಂಟಿ ಕೊಡಲ್ಲ."

ಎರಡೂ ತಂಡ ಹೋ ಎಂದಿತು. ಅಂಬ್ರೀನ್ ಮಾತ್ರ ನಗಲಿಲ್ಲ.

ಮೇಡಂ ನಗು ಅಡಗುವವರೆಗೆ ಕಾದರು. ತಾವೇ ಆ ಅಂಕಿಯನ್ನು ಹೊಡೆದು, ನಲವತ್ತೊಂಬತ್ತು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. "ನಾವು ಆಡೋವಾಗ ಜನರಲ್ ಬೋಗೀಲಿ, ಸೀಟುಗಳ ಮಧ್ಯೆ ನೆಲದ ಮೇಲೆ ಮಲಗಿ ಹೋಗ್ತಿದ್ವಿ. ನಾಗಪುರದಲ್ಲಿ ನಾನು ಎಂಬತ್ತೆಂಟು ಹೊಡೆದೆ. ವಾಪಸ್ ಬರೋವಾಗ ಪುಸ್ತಕ ಕಳೆದುಹೋಯ್ತು. ಈಗ ಹೇಳಿದ್ರೆ ನನ್ನ ಸೊಸೆ, 'ಹೌದಾ ಅತ್ತೆ' ಅಂತಾಳೆ. ನಂಬಲ್ಲ." ಪುಸ್ತಕವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು. "ಅಂಬ್ರೀನ್, ನಿಯಮ ನಿಯಮಾನೇ. ಡಿಸೆಂಬರ್ ಹನ್ನೊಂದು ಕುಣಿಗಲ್ಲಲ್ಲಿ ಕೊನೇ ಮ್ಯಾಚು. ಬಾ, ಹೊಡಿ."

ಬಸ್ಸಿನಲ್ಲಿ ಅಂಬ್ರೀನ್ ನನ್ನ ಪಕ್ಕ ಕೂರಲಿಲ್ಲ. ಗುಬ್ಬಿ ಸ್ಟ್ಯಾಂಡಿನಿಂದ ಬಸ್ಸು ಹೊರಳುವಾಗ ಕಿಟಕಿಯಾಚೆ ನಾಸಿರ್ ಕಂಡರು. ಕರೆಯಲಿಲ್ಲ, ಹತ್ತಿರ ಬರಲಿಲ್ಲ. ದೂರದಿಂದಲೇ ಬಲಗೈಯನ್ನು ನೇರವಾಗಿ ಮೇಲೆತ್ತಿದರು, ಅಂಪೈರಿನ ಸನ್ನೆ ನೋಡಿದೆ ಎನ್ನುವಂತೆ. ಬಸ್ಸು ತಿರುಗುವವರೆಗೂ ಇಳಿಸಲಿಲ್ಲ.

ಮನೆಯಲ್ಲಿ ಹನ್ನೊಂದು ದಿನ ಅಂಬ್ರೀನ್ ನನ್ನೊಡನೆ ಮಾತು ಬಿಟ್ಟಳು. ನನಗೆ ಹೇಳಬೇಕಾದ್ದನ್ನು ಅಬ್ಬಾಗೆ ಹೇಳುತ್ತಿದ್ದಳು. ಬಟವಾಡಿಯಲ್ಲಿ ಅಬ್ಬಾದು ಕನ್ನಡಕದ ಅಂಗಡಿ. "ಅಬ್ಬಾ, ಊರಿಗೆಲ್ಲ ಕನ್ನಡಕ ಹಾಕ್ತೀರಾ, ಮೊದಲು ನಿಮ್ಮ ದೊಡ್ಡ ಮಗಳಿಗೆ ಹಾಕಿ. ಆರಡಿ ಅಂಪೈರ್ ಕಾಣಲ್ಲ ಅವಳಿಗೆ."

"ದೂರದ್ದು ಕಾಣಲ್ವೋ, ಹತ್ತಿರದ್ದೋ?" ಅಬ್ಬಾ ಏನೂ ತಿಳಿಯದೆ ಕೇಳುತ್ತಿದ್ದರು.

"ಹತ್ತಿರದ್ದು ಜಾಸ್ತಿ ಕಾಣುತ್ತೆ. ಅದೇ ಕಾಯಿಲೆ."

ಹನ್ನೆರಡನೆಯ ದಿನ ಊಟಕ್ಕೆ ಕೂತಾಗ ಅಬ್ಬಾ ತಾವೇ ನಗತೊಡಗಿದರು. "ಇವತ್ತು ಅಂಗಡಿಗೆ ಒಬ್ಬ ಹುಡುಗ ಬಂದಿದ್ದ. ಕುಣಿಗಲ್ಲಿಂದ. ಕಣ್ಣು ಟೆಸ್ಟ್ ಮಾಡಿ ಅಂದ. ಕೊನೇ ಸಾಲಿನ ಚಿಕ್ಕ ಅಕ್ಷರಾನೂ ಗಡಗಡ ಓದಿದ. ನಿಂಗೆ ಕನ್ನಡಕ ಬೇಡಪ್ಪ ಅಂದ್ರೆ, ಇನ್ನೊಂದ್ಸಲ ನೋಡಿ ಸರ್ ಅಂತಾನೆ. ಎರಡು ಸಲ ಟೀ ಕುಡಿದ. ಹೋಗುವಾಗ ಇದನ್ನ ಅಂಬ್ರೀನಿಗೆ ಕೊಡಿ ಅಂತ ಕೊಟ್ಟು ಹೋದ."

ಕಾಗದ ಬಿಚ್ಚಿದರೆ ಬ್ಯಾಟಿಂಗ್ ಗ್ಲೌಸು. ಹಳೆಯದೇ, ಆದರೆ ಬೆರಳು ಬೆರಳಿಗೂ ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿದದ್ದು. ಅಂಬ್ರೀನ್ ಹಾಕಿಕೊಂಡಳು. ಮುಷ್ಟಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಅವಳ ಕೈಗೆ ಸರಿಯಾಗಿ ಕೂತ ಗ್ಲೌಸನ್ನು ಅವಳು ಹುಟ್ಟಿದ ಮೇಲೆ ಹಾಕಿಕೊಂಡಿರಲಿಲ್ಲ.

"ಇಷ್ಟು ದಿನ ನಾನು ಬೇರೆಯವರ ಕೈಯಲ್ಲಿ ಆಡಿದ ಹಾಗಿತ್ತು ಆಪಾ" ಎಂದಳು, ಹನ್ನೆರಡು ದಿನಗಳಲ್ಲಿ ಮೊದಲ ಮಾತು. ಕಣ್ಣು ಒದ್ದೆಯಾಗಿತ್ತು. ಆಮೇಲೆ, ಅವಳ ಬುದ್ಧಿ ಎಲ್ಲಿ ಹೋಗುತ್ತದೆ, ಅಡುಗೆಮನೆಯ ಕಡೆ ತಿರುಗಿ ಕೂಗಿದಳು: "ಅಮ್ಮೀ! ಕುಣಿಗಲ್ ಮ್ಯಾಚಿಗೆ ನೀವೂ ಬನ್ನಿ. ಆಪಾ ಅಲ್ಲಿ ಯಾರ ಕೈ ನೋಡ್ತಾಳೆ ಅಂತ ತೋರಿಸ್ತೀನಿ."

ಅಬ್ಬಾ ತುತ್ತು ಕೈಯಲ್ಲೇ ಹಿಡಿದು, "ಓ, ಆ ಹುಡುಗನಾ!" ಎಂದರು. ನಾನು ನೀರು ತರುವ ನೆಪದಲ್ಲಿ ಎದ್ದುಹೋದೆ.

ಹಾಗೆ ಡಿಸೆಂಬರ್ ಹನ್ನೊಂದರಂದು ನನ್ನ ಅಮ್ಮಿ ಖಮರುನ್ನೀಸಾ, ಜೀವನದಲ್ಲಿ ಮೊದಲ ಸಲ ಕ್ರಿಕೆಟ್ ಮೈದಾನಕ್ಕೆ ಬಂದಳು. ಕಪ್ಪು ಬುರ್ಖಾ, ಕೈಯಲ್ಲಿ ಟಿಫಿನ್ ಕ್ಯಾರಿಯರ್. ಅಂಬ್ರೀನ್ ಒಂದು ಕುರ್ಚಿ ಎತ್ತಿ ತಂದು ಸರಿಯಾಗಿ ನನಗೂ ನಾಸಿರ್‌ಗೂ ನಡುವೆ ಹಾಕಿದಳು.

"ಅಮ್ಮಿ, ಇಲ್ಲೇ ಕೂತ್ಕೊಳಿ. ಏಳಬೇಡಿ. ಭೂಕಂಪ ಆದ್ರೂ ಏಳಬೇಡಿ" ಎಂದು ಬ್ಯಾಟು ಹಿಡಿದು ಹೋದಳು.

"ಒಂದು" ಎಂದರು ನಾಸಿರ್, ಅಮ್ಮಿಯ ತಲೆಯ ಆಚೆಯಿಂದ.

"ಸರಿ" ಎಂದೆ ಈಚೆಯಿಂದ.

ಅಮ್ಮಿ ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಐದು ಓವರ್ ಚೆಂಡು ಹೋದಲ್ಲೆಲ್ಲ ತಲೆ ತಿರುಗಿಸಿದಳು. ಆರನೆಯದರಲ್ಲಿ ತಡೆಯಲಾಗದೆ, "ಅವಳು ಓಡದೇನೇ ನಾಲ್ಕು ಅಂತೀರಲ್ಲ, ಅದ್ಯಾಕೆ?" ಎಂದಳು. ನಾಸಿರ್ ಗೆರೆ ತೋರಿಸಿ ಹೇಳಿಕೊಟ್ಟರು. ಹತ್ತನೆಯದಕ್ಕೆ ಅಮ್ಮಿಯೇ "ನಾಲ್ಕು!" ಎಂದಳು, ಅವರಿಗಿಂತ ಮೊದಲು.

ಗಂಗಿ ಆ ದಿನ ಬೆಂಕಿಯಂತೆ ಬೌಲ್ ಮಾಡಿದಳು. ಒಂದು ಚೆಂಡು ಅಂಬ್ರೀನಿನ ಹೆಲ್ಮೆಟ್ಟಿಗೆ ಬಡಿಯಿತು. ಅಮ್ಮಿ ನನ್ನ ಮೊಣಕೈ ಹಿಡಿದುಕೊಂಡಳು. ಅಂಬ್ರೀನ್ ಹೆಲ್ಮೆಟ್ಟು ತೆಗೆದು ತಲೆ ಕೊಡವಿ, ಮತ್ತೆ ಹಾಕಿಕೊಂಡು ನಿಂತಳು. ಗಂಗಿ ಹತ್ತಿರ ಹೋಗಿ ಏನೋ ಕೇಳಿದಳು, ಇಬ್ಬರೂ ನಕ್ಕರು. ಮುಂದಿನ ಚೆಂಡು ಅದೇ ವೇಗ, ಅದೇ ಎತ್ತರ. ಅಂಬ್ರೀನ್ ಹಿಂಗಾಲಿನ ಮೇಲೆ ತಿರುಗಿ, ಇಡೀ ಮೈಯನ್ನು ಬುಗುರಿಯಂತೆ ಸುತ್ತಿಸಿ ಹೊಡೆದಳು. ಚೆಂಡು ಬೇಲಿಯ ಮೇಲಿನಿಂದ ಹಾರಿ, ಆಚೆ ಮೇಯುತ್ತಿದ್ದ ಎರಡು ಕಂದು ಕುದುರೆಗಳ ನಡುವೆ ಬಿತ್ತು. ಕುದುರೆಗಳು ಕಿವಿ ನಿಮಿರಿಸಿ ಈ ಕಡೆ ನೋಡಿದವು.

"ಯಾ ಅಲ್ಲಾಹ್" ಎಂದಳು ಅಮ್ಮಿ ಪಿಸುಮಾತಿನಲ್ಲಿ. "ಇವಳು ನಾನು ಹೆತ್ತವಳಾ?"

ನಲವತ್ತೊಂಬತ್ತರಲ್ಲಿ ಅವಳು ಎಂಟು ಬಾಲ್ ನಿಂತಳು. ನನ್ನ ಅಂಗೈ ಬೆವರಿ ಪುಟಕ್ಕೆ ಅಂಟುತ್ತಿತ್ತು. ನಾನೂ ನಾಸಿರೂ ಕಣ್ಣು ಕದಲಿಸಲಿಲ್ಲ. ಒಂಬತ್ತನೆಯ ಬಾಲು ಬ್ಯಾಟಿನ ನಡುಮಧ್ಯಕ್ಕೆ ಬಡಿದ ಸದ್ದು ಮೇಜಿನವರೆಗೆ ಬಂತು. ಬ್ಯಾಟು ಹಿಡಿದ ಇಬ್ಬರೂ ಓಡಿದರು. ಚನ್ನಬಸವಯ್ಯ ಮಂಡಿ ಎತ್ತಲಿಲ್ಲ, ಕೈ ಎತ್ತಲಿಲ್ಲ, ಸುಮ್ಮನೆ ನಿಂತರು. ಬ್ಯಾಟಿನದೇ ರನ್ನು.

"ಒಂದು" ಎಂದರು ನಾಸಿರ್.

"ಸರಿ." ನಾನು ಅಳುತ್ತಿದ್ದೆ.

ಅರವತ್ತೇಳು ಹೊಡೆದು ಅಂಬ್ರೀನ್ ಔಟಾದಳು. ಅಲಮೇಲಮ್ಮ ಮೇಡಂ ದೂರದ ಕುರ್ಚಿಯಲ್ಲೇ ಕೂತು ಒಂದು ಹಾಳೆಯ ಮೇಲೆ ಹೆಸರು ಬರೆದುಕೊಂಡದ್ದು ಕಂಡಿತು.

ಊಟದ ಬಿಡುವಿನಲ್ಲಿ ಪುಸ್ತಕ ತಾಳೆಯಾಯಿತು. ಅಮ್ಮಿ ಕುರ್ಚಿ ಬಿಟ್ಟೇಳಲಿಲ್ಲ. ಟಿಫಿನ್ ಕ್ಯಾರಿಯರ್ ಬಿಚ್ಚಿ, ಒಂದು ತಟ್ಟೆಗೆ ಬಿರಿಯಾನಿ ಹಾಕಿ, ನಾಸಿರ್ ಮುಂದೆ ಸರಿಸಿದಳು. ಆಮೇಲೆ ಉರ್ದುವಿನಲ್ಲಿ ಕೇಳಿದಳು, "ಮಗಾ, ಮನೆಯಲ್ಲಿ ಯಾರು ಯಾರಿದ್ದಾರೆ?"

ಐದು ತಿಂಗಳು ನಾವಿಬ್ಬರೂ ಕನ್ನಡದಲ್ಲೇ ಮಾತಾಡಿದ್ದೆವು, ಎಲ್ಲರಿಗೂ ಕೇಳುವಂತೆ. ಅವರ ಮನೆಮಾತಿನ ದನಿ ನಾನು ಕೇಳಿದ್ದು ಆಗಲೇ. ಬೇರೆಯೇ ಇತ್ತು, ಇನ್ನೂ ತಗ್ಗಿನಲ್ಲಿ, ಬಾಗಿಲ ಒಳಗಿನಿಂದ ಮಾತಾಡಿದಂತೆ. ಅಬ್ಬಾ, ಅಮ್ಮಿ, ಒಬ್ಬ ಅಣ್ಣ ಎಂದರು. ಬರುವ ಶುಕ್ರವಾರ ಅವರನ್ನು ತುಮಕೂರಿಗೆ ಕರೆದುಕೊಂಡು ಬರಬಹುದೇ ಎಂದರು.

"ಎಷ್ಟು ದಿನದಿಂದ ಇದು?" ಅಮ್ಮಿಯ ಪ್ರಶ್ನೆ ಇಬ್ಬರಿಗೂ.

ನಾನು ತಟ್ಟೆ ನೋಡುತ್ತಾ, "ಆಗಸ್ಟ್ ಹದಿನಾಲ್ಕು" ಎಂದೆ.

"ಜುಲೈ ಹತ್ತು" ಎಂದರು ನಾಸಿರ್.

ನಾನು ತಲೆ ಎತ್ತಿದೆ. ಜುಲೈ ಹತ್ತು ಎಂದರೆ ಐದು ವಾರ ಮುಂಚೆ. ಆ ಐದು ವಾರ ನಾನು ಈ ಮೇಜಿನಲ್ಲಿ ಗಾಜಿನ ಗೋಡೆಯಾಚೆ ಇದ್ದ ಹಾಗೆ, ಏನೂ ತಿಳಿಯದೆ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ನನ್ನನ್ನು ಪ್ರೀತಿಸುತ್ತಿದ್ದರು, ನಾನು ವೈಡ್ ಬರೆಯುತ್ತಿದ್ದೆ.

ಅಮ್ಮಿ ನೀರು ತರುವೆನೆಂದು ಎದ್ದಳು. ಕುರ್ಚಿಯನ್ನೂ ಜೊತೆಗೇ ಎತ್ತಿಕೊಂಡು ಹೋದಳು.

ಯಾರೊಂದಿಗೂ ನಾನಾಗಿ ಮಾತು ತೆಗೆದವಳಲ್ಲ ನಾನು. ಅವತ್ತು ತೆಗೆದೆ, ನಮ್ಮ ಮನೆಮಾತಿನಲ್ಲಿ. "ಆ ಐದು ವಾರ ಏನೇನಾಯ್ತು? ನನಗೆ ಎಲ್ಲಾ ಹೇಳಬೇಕು."

ನಾಸಿರ್ ಬಾಯಿ ತೆರೆದರು. ಅಷ್ಟರಲ್ಲಿ ಅಂಪೈರುಗಳು ಮೈದಾನಕ್ಕೆ ಇಳಿದರು. ಅಂಬ್ರೀನ್ ಹೊಸ ಚೆಂಡನ್ನು ಗಾಳಿಗೆಸೆದು ಹಿಡಿಯುತ್ತಾ ಓಡಿದಳು, ಗಂಗಿ ಪ್ಯಾಡು ಕಟ್ಟಿ ಬಂದಳು. ಅವಳಿಗೂ ಇದು ಕೊನೆಯ ಅವಕಾಶ.

"ಈಗಲೇ ಬೇಡ" ಎಂದು ನಾನು ಪೆನ್ನು ಬಿಚ್ಚಿದೆ. "ಓವರ್ ಮುಗಿದ ಮೇಲೆ ಹೇಳಿ. ಸ್ವಲ್ಪ ಸ್ವಲ್ಪ."

ಮುಂದೆ ಮೂವತ್ತೈದು ಓವರುಗಳಿದ್ದವು.